ಎಡಿಎಚ್‌ಡಿ ಇರುವ ಮಗು ಬೇಸಿಗೆ ಶಿಬಿರಕ್ಕೆ ಬಂದರೆ: ಫಾರ್ವರ್ಡ್‌ಗಳು ಹೇಳದಿರುವ ಸಂಗತಿಗಳು

ಮಾರ್ಚ್ ಕೊನೆಯ ವಾರ ಬಂತೆಂದರೆ ಫ್ಯಾಮಿಲಿ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಶಾಲೆಯ ಗ್ರೂಪು ಎಲ್ಲದರಲ್ಲೂ ಬೇಸಿಗೆ ಶಿಬಿರಗಳ ಪೋಸ್ಟರ್ ತುಂಬಿಕೊಳ್ಳುತ್ತವೆ. ರಂಗ ಶಿಬಿರ, ಕ್ರಿಕೆಟ್ ಕೋಚಿಂಗ್, ಈಜು, ಕರಾಟೆ, ಚಿತ್ರಕಲೆ, ಸ್ಕೌಟ್ಸ್ ಕ್ಯಾಂಪ್. ಜೊತೆಗೇ ಇನ್ನೊಂದು ಬಗೆಯ ಸಂದೇಶಗಳೂ ಬರುತ್ತವೆ. “ಮಗು ಒಂದು ಕಡೆ ಕೂರೋದಿಲ್ವಾ? ಶಿಬಿರಕ್ಕೆ ಹಾಕಿ, ಶಿಸ್ತು ತಾನಾಗೇ ಬರುತ್ತೆ.” “ಎಡಿಎಚ್‌ಡಿ ಅನ್ನೋದು ಕಾಯಿಲೆನೇ ಅಲ್ಲ, ಮುದ್ದು ಜಾಸ್ತಿ ಆಗಿರೋದು.” “ಸಕ್ಕರೆ ನಿಲ್ಲಿಸಿ, ಬದಲಾವಣೆ ನೀವೇ ನೋಡಿ.”

ಇಂಥವನ್ನು ನಂಬಿ, ಶಿಬಿರದವರಿಗೆ ಏನೂ ಹೇಳದೆ ಮಗುವನ್ನು ಬಿಟ್ಟುಬರುವ ಪೋಷಕರಿದ್ದಾರೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಫೋನ್ ಬರುತ್ತದೆ: “ಬೇಜಾರು ಮಾಡ್ಕೋಬೇಡಿ, ನಾಳೆಯಿಂದ ಕಳಿಸಬೇಡಿ. ಉಳಿದ ಮಕ್ಕಳಿಗೆ ತೊಂದರೆ ಆಗ್ತಿದೆ.” ಕಟ್ಟಿದ ಶುಲ್ಕ ವಾಪಸ್ ಬರಬಹುದು. ಆದರೆ “ನನ್ನನ್ನು ಯಾರೂ ಸೇರಿಸಿಕೊಳ್ಳೋದಿಲ್ಲ” ಎಂದು ಮಗುವಿನ ಮನಸ್ಸಿನಲ್ಲಿ ಕೂತದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಹಾಗಾದರೆ ಇಂಥ ಮಕ್ಕಳನ್ನು ಶಿಬಿರಕ್ಕೆ ಕಳಿಸಬಾರದೇ? ಖಂಡಿತ ಕಳಿಸಬಹುದು. ಅದಕ್ಕೆ ಪೋಷಕರು ಏನು ಮಾಡಬೇಕು, ಶಿಬಿರ ನಡೆಸುವವರು ಮತ್ತು ಕೋಚ್‌ಗಳು ಏನು ಮಾಡಬೇಕು, ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನು ಇಲ್ಲಿ ನೋಡೋಣ.

ಎಡಿಎಚ್‌ಡಿ ಅಂದರೆ ಏನು?

ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್ ಎಂಬುದರ ಚಿಕ್ಕ ರೂಪ ಎಡಿಎಚ್‌ಡಿ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಕೆಲವು ಮಕ್ಕಳಲ್ಲಿ ಗಮನ ನಿಲ್ಲುವುದಿಲ್ಲ: ಹೇಳಿದ್ದು ಮರೆತುಹೋಗುತ್ತದೆ, ವಸ್ತುಗಳು ಕಳೆದುಹೋಗುತ್ತವೆ, ಶುರು ಮಾಡಿದ ಕೆಲಸ ಮುಗಿಯುವುದಿಲ್ಲ. ಕೆಲವರಲ್ಲಿ ಚಡಪಡಿಕೆ ಮತ್ತು ಯೋಚಿಸುವ ಮೊದಲೇ ಮಾಡಿಬಿಡುವ ಆತುರ ಹೆಚ್ಚು. ಇನ್ನು ಕೆಲವರಲ್ಲಿ ಎರಡೂ ಸೇರಿರುತ್ತವೆ.

ಒಮ್ಮೊಮ್ಮೆ ಹೀಗೆ ಮಾಡದ ಮಗುವೇ ಇಲ್ಲ. ಅದಕ್ಕೇ ವೈದ್ಯರು ಒಂದೆರಡು ದಿನ ನೋಡಿ ತೀರ್ಮಾನಿಸುವುದಿಲ್ಲ. ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಅಥವಾ ಹೆಚ್ಚು ಕಡೆ ಕಾಣಬೇಕು, ಮಗುವಿನ ದಿನನಿತ್ಯದ ಬದುಕಿಗೆ ತೊಂದರೆ ಕೊಡುತ್ತಿರಬೇಕು. ರಕ್ತಪರೀಕ್ಷೆಯಿಂದಲೋ ಸ್ಕ್ಯಾನ್‌ನಿಂದಲೋ ಇದನ್ನು ಪತ್ತೆಹಚ್ಚಲು ಆಗುವುದಿಲ್ಲ.

ಎಷ್ಟು ಮಕ್ಕಳಿಗೆ ಇರುತ್ತದೆ? ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಶೇ 5ರಷ್ಟು. ಅಂದರೆ 40 ಮಕ್ಕಳಿರುವ ಶಿಬಿರದಲ್ಲಿ ಸರಾಸರಿ ಇಬ್ಬರು. ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥ ದೊಡ್ಡ ಶಿಬಿರವಾಗಲಿ, ಬಡಾವಣೆಯ ಪಾರ್ಕಿನಲ್ಲಿ ನಡೆಯುವ ಚಿಕ್ಕ ಶಿಬಿರವಾಗಲಿ, “ನಮ್ಮಲ್ಲಿ ಅಂಥ ಮಕ್ಕಳು ಬರೋದಿಲ್ಲ” ಎನ್ನುವಂತಿಲ್ಲ.

ಗುಂಪಿನಲ್ಲಿ ಕಷ್ಟ ಎಲ್ಲಿ ಆಗುತ್ತದೆ?

ಖೋ-ಖೋ ಆಟವನ್ನೇ ನೋಡಿ. ಅಟ್ಟಿಸಿಕೊಂಡು ಹೋಗುವ ತಂಡದಲ್ಲಿ ಒಬ್ಬ ಓಡುತ್ತಿದ್ದರೆ ಎಂಟು ಜನ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿರಬೇಕು. ಬೆನ್ನಿಗೆ “ಖೋ” ಬೀಳುವವರೆಗೆ ಏಳುವಂತಿಲ್ಲ. ಎದುರಾಳಿ ಪಕ್ಕದಲ್ಲೇ ಓಡಿಹೋದರೂ ಸುಮ್ಮನಿರಬೇಕು. ಎಡಿಎಚ್‌ಡಿ ಇರುವ ಹುಡುಗನಿಗೆ ಓಡುವುದು ಕಷ್ಟವಲ್ಲ, ಓಡದೆ ಕೂರುವುದು ಕಷ್ಟ. ಅವನು ಮೊದಲೇ ಎದ್ದುಬಿಡುತ್ತಾನೆ, ಫೌಲ್ ಆಗುತ್ತದೆ, ತಂಡದವರೆಲ್ಲ ಅವನ ಮೇಲೆ ಕೂಗುತ್ತಾರೆ. ನಿಯಮ ಕೇಳಿದರೆ ತಪ್ಪಿಲ್ಲದೆ ಹೇಳುತ್ತಾನೆ. ಆ ಕ್ಷಣದಲ್ಲಿ ಕಾಲನ್ನು ತಡೆಯಲು ಮಾತ್ರ ಆಗುವುದಿಲ್ಲ.

ಶಿಬಿರದ ದಿನವಿಡೀ ಇಂಥ ಕ್ಷಣಗಳೇ. ತಿಂಡಿಗೆ ಸಾಲು, ಬಣ್ಣ ತೆಗೆದುಕೊಳ್ಳಲು ಸರದಿ, ನಾಟಕದ ತಾಲೀಮಿನಲ್ಲಿ ತನ್ನ ಮಾತು ಬರುವವರೆಗೆ ಕಾಯುವುದು. “ಚಪ್ಪಲಿ ಬಿಟ್ಟು, ಕೈ ತೊಳೆದು, ಚಾಪೆ ತಗೊಂಡು, ವೃತ್ತದಲ್ಲಿ ಕೂತ್ಕೊಳ್ಳಿ” ಎಂದು ಒಂದೇ ಉಸಿರಿನಲ್ಲಿ ನಾಲ್ಕು ಸೂಚನೆ ಕೊಟ್ಟರೆ ಮೊದಲನೆಯದು ಮಾತ್ರ ತಲೆಯಲ್ಲಿ ಉಳಿದಿರುತ್ತದೆ.

ಇನ್ನೊಂದು ಬಗೆಯ ಮಗುವೂ ಇರುತ್ತದೆ. ಗಲಾಟೆ ಇಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಕಥೆ ಹೇಳುವಾಗ ಕಿಟಕಿಯಾಚೆ ನೋಡುತ್ತದೆ, ನೀರಿನ ಬಾಟಲಿ ದಿನವೂ ಮರೆತುಬರುತ್ತದೆ, ತನ್ನ ಪಾತ್ರ ಬಂದಾಗ ಬೆಚ್ಚಿಬೀಳುತ್ತದೆ. ಮೊದಲನೆಯ ಮಗುವಿಗೆ “ತರಲೆ” ಎಂಬ ಹೆಸರು ಸಿಕ್ಕರೆ ಇದಕ್ಕೆ “ಮಂಕು” ಎಂಬ ಹೆಸರು ಸಿಗುತ್ತದೆ.

ಹೆಸರು ಬೀಳುವುದು ಮೊದಲ ದಿನವೇ

ಈ ಹೆಸರಿಡುವುದು ಚಿಕ್ಕ ವಿಷಯವೇನಲ್ಲ. ಅಮೆರಿಕದ ಸಂಶೋಧಕರಾದ ಡ್ರೂ ಎರ್ಹಾರ್ಟ್ ಮತ್ತು ಸ್ಟೀಫನ್ ಹಿನ್‌ಷಾ 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದು ನಡೆದದ್ದು ಬೇಸಿಗೆ ಶಿಬಿರವೊಂದರಲ್ಲೇ. ಎಡಿಎಚ್‌ಡಿ ಇದ್ದ ಮತ್ತು ಇಲ್ಲದ, ಒಬ್ಬರಿಗೊಬ್ಬರು ಪರಿಚಯವಿಲ್ಲದ 6ರಿಂದ 12 ವರ್ಷದ ಹುಡುಗರು ಅಲ್ಲಿದ್ದರು. “ನಿನಗೆ ಯಾರು ಇಷ್ಟ, ಯಾರು ಇಷ್ಟವಿಲ್ಲ” ಎಂದು ಪ್ರತಿಯೊಬ್ಬರನ್ನೂ ಕೇಳಲಾಯಿತು. ಮೊದಲ ದಿನ ಮುಗಿಯುವಷ್ಟರಲ್ಲೇ ಎಡಿಎಚ್‌ಡಿ ಇರುವ ಹುಡುಗರು “ಇಷ್ಟವಿಲ್ಲ” ಪಟ್ಟಿಗೆ ಸೇರಿಬಿಟ್ಟಿದ್ದರು.

ಒಮ್ಮೆ ಬಿದ್ದ ಹೆಸರು ಹೋಗುವುದು ಕಷ್ಟ. ಮುಂದೆ ಆ ಮಗು ಸರಿಯಾಗಿ ನಡೆದುಕೊಂಡರೂ ಯಾರೂ ಗಮನಿಸುವುದಿಲ್ಲ. ಯಾರೋ ಬಣ್ಣ ಚೆಲ್ಲಿದರೆ ಎಲ್ಲರ ಕಣ್ಣು ಅವನ ಕಡೆಗೇ ತಿರುಗುತ್ತದೆ.

ಹಾಗಾದರೆ ದೊಡ್ಡವರ ಕೈಯಲ್ಲಿ ಏನಿದೆ? ಮನಶ್ಶಾಸ್ತ್ರಜ್ಞೆ ಅಮೋರಿ ಮಿಕಾಮಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಅದೂ ಬೇಸಿಗೆ ರಜೆಯ ತರಗತಿಗಳಲ್ಲೇ. ಕೆಲವು ತರಗತಿಗಳಲ್ಲಿ ಮಕ್ಕಳ ನಡವಳಿಕೆಯನ್ನು ತಿದ್ದುವ ವಿಧಾನ ಮಾತ್ರ ಇತ್ತು. ಉಳಿದವುಗಳಲ್ಲಿ ಅದರ ಜೊತೆಗೆ ಶಿಕ್ಷಕರು ಇನ್ನಷ್ಟು ಮಾಡುತ್ತಿದ್ದರು: ಎಡಿಎಚ್‌ಡಿ ಇರುವ ಮಗುವಿನ ಒಳ್ಳೆಯ ಗುಣವನ್ನು ಎಲ್ಲರ ಮುಂದೆ ಎತ್ತಿ ಹೇಳುವುದು, ತಪ್ಪನ್ನು ಒಬ್ಬನೇ ಇದ್ದಾಗ ತಿದ್ದುವುದು, ಯಾರನ್ನೂ ಆಟದಿಂದ ಹೊರಗಿಡಬಾರದು ಎಂದು ಗುಂಪಿಗೇ ಕಲಿಸುವುದು. ಈ ತರಗತಿಗಳಲ್ಲಿ ಎಡಿಎಚ್‌ಡಿ ಇರುವ ಮಕ್ಕಳನ್ನು ಉಳಿದವರು ಹೆಚ್ಚು ಇಷ್ಟಪಟ್ಟರು, ಸ್ನೇಹಗಳೂ ಹೆಚ್ಚಾದವು. ಈ ಲಾಭ ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು ಕಂಡಿತು ಎಂಬುದನ್ನೂ ಹೇಳಬೇಕು.

ಇದರಿಂದ ತಿಳಿಯುವುದು ಇಷ್ಟು. ಮಗುವನ್ನು ಬದಲಾಯಿಸುವುದಷ್ಟೇ ದಾರಿಯಲ್ಲ. ಶಿಬಿರದ ಅಣ್ಣ, ಅಕ್ಕ, ಸರ್, ಮಿಸ್ ಆ ಮಗುವನ್ನು ಹೇಗೆ ನೋಡುತ್ತಾರೋ ಉಳಿದ ಮಕ್ಕಳೂ ಹಾಗೇ ನೋಡಲು ಕಲಿಯುತ್ತಾರೆ.

ಫಾರ್ವರ್ಡ್‌ಗಳು ಏನು ಹೇಳುತ್ತವೆ, ನಿಜ ಏನು?

ಹೇಳಿಕೆ: ಎರಡು ಬಿಟ್ಟರೆ ಸರಿಹೋಗುತ್ತದೆ, ದಂಡಂ ದಶಗುಣಂ.
ನಿಜ: ಇಲ್ಲ. ಅಮೆರಿಕದ ಸಂಶೋಧಕರು 2007ರಲ್ಲಿ ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಿದಾಗ, ಎಡಿಎಚ್‌ಡಿ ಇರುವವರಲ್ಲಿ ಮಿದುಳಿನ ಹೊರಪದರ ಬಲಿಯುವುದು ಸರಾಸರಿ 3 ವರ್ಷ ತಡವಾಗುತ್ತದೆ ಎಂದು ಕಂಡುಬಂತು. ಕಾಯುವ, ತಡೆದುಕೊಳ್ಳುವ ಶಕ್ತಿಯೇ ನಿಧಾನವಾಗಿ ಬೆಳೆಯುತ್ತಿರುವ ಮಗುವಿಗೆ ಹೊಡೆದರೆ ಆ ಶಕ್ತಿ ಬೇಗ ಬರುವುದಿಲ್ಲ. ಭಯ ಮಾತ್ರ ಬರುತ್ತದೆ.

ಹೇಳಿಕೆ: ಸಕ್ಕರೆ, ಚಾಕೊಲೇಟ್ ತಿಂದರೆ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ.
ನಿಜ: 1995ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಸಕ್ಕರೆ ಮಕ್ಕಳ ನಡವಳಿಕೆಯನ್ನು ಬದಲಿಸಿದ್ದು ಕಾಣಲಿಲ್ಲ. 1994ರ ಇನ್ನೊಂದು ಪ್ರಯೋಗ ಕುತೂಹಲಕರ. ಮಕ್ಕಳಿಗೆ ಕೊಟ್ಟದ್ದು ಸಕ್ಕರೆ ಇಲ್ಲದ ಪಾನೀಯ. ಆದರೆ “ನಿಮ್ಮ ಮಗ ಸಕ್ಕರೆ ಕುಡಿದಿದ್ದಾನೆ” ಎಂದು ಹೇಳಿಸಿಕೊಂಡ ತಾಯಂದಿರಿಗೆ ಮಗ ಹೆಚ್ಚು ತುಂಟನಾಗಿ ಕಂಡ. ಹಲ್ಲಿನ ಆರೋಗ್ಯಕ್ಕಾಗಿ ಸಿಹಿ ಕಡಿಮೆ ಮಾಡಿ, ಒಳ್ಳೆಯದೇ. ಅದು ಎಡಿಎಚ್‌ಡಿಗೆ ಚಿಕಿತ್ಸೆಯಲ್ಲ.

ಹೇಳಿಕೆ: ತಂದೆತಾಯಿ ಸರಿಯಾಗಿ ಬೆಳೆಸದಿದ್ದರೆ, ಮೊಬೈಲ್ ಕೊಟ್ಟರೆ ಎಡಿಎಚ್‌ಡಿ ಬರುತ್ತದೆ.
ನಿಜ: ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಅತಿಯಾದ ಮೊಬೈಲ್ ಬಳಕೆ ನಿದ್ದೆ ಕೆಡಿಸುತ್ತದೆ, ಇರುವ ಕಷ್ಟವನ್ನು ಹೆಚ್ಚಿಸಬಹುದು. ಆದರೆ ಮೊಬೈಲೇ ಎಡಿಎಚ್‌ಡಿಗೆ ಕಾರಣ ಎಂಬುದು ಸಾಬೀತಾಗಿಲ್ಲ.

ಹೇಳಿಕೆ: ಆಟ ಆಡುವಾಗ ಇರುವ ಗಮನ ಪಾಠದಲ್ಲಿ ಯಾಕಿಲ್ಲ? ಬರೀ ನಾಟಕ.
ನಿಜ: ಇಷ್ಟವಾದ, ಕ್ಷಣಕ್ಷಣಕ್ಕೂ ಫಲಿತಾಂಶ ಸಿಗುವ ಕೆಲಸದಲ್ಲಿ ಈ ಮಕ್ಕಳ ಗಮನ ಚೆನ್ನಾಗಿಯೇ ನಿಲ್ಲಬಹುದು. ಬೇಸರದ ಕೆಲಸಕ್ಕೆ ಗಮನವನ್ನು ಬೇಕೆಂದಾಗ ತಿರುಗಿಸುವುದೇ ಅವರಿಗೆ ಕಷ್ಟ.

ಹೇಳಿಕೆ: ಇದು ಗಂಡುಮಕ್ಕಳ ಸಮಸ್ಯೆ.
ನಿಜ: ಹುಡುಗಿಯರಿಗೂ ಇರುತ್ತದೆ. ಅವರಲ್ಲಿ ಓಡಾಟಕ್ಕಿಂತ ಗಮನದ ಕೊರತೆ ಹೆಚ್ಚು ಕಾಣುವುದರಿಂದ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಮಗೆ ಎಡಿಎಚ್‌ಡಿ ಇದೆ, ಬಾಲ್ಯದಿಂದಲೂ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎಂದು 2016ರಲ್ಲಿ ಬಹಿರಂಗವಾಗಿ ಹೇಳಿದ್ದರು.

ಹೇಳಿಕೆ: ಮಾತ್ರೆ ಕೊಟ್ಟರೆ ಮುಂದೆ ಚಟವಾಗುತ್ತದೆ.
ನಿಜ: ಮೀಥೈಲ್‌ಫೆನಿಡೇಟ್‌ನಂಥ ಔಷಧಿಗಳನ್ನು ವೈದ್ಯರ ನಿಗಾದಲ್ಲಿ ತೆಗೆದುಕೊಂಡ ಮಕ್ಕಳು ದೊಡ್ಡವರಾದಾಗ ಮಾದಕ ವಸ್ತುಗಳಿಗೆ ಹೆಚ್ಚು ಬಲಿಯಾಗುತ್ತಾರೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಹಸಿವು ಕಡಿಮೆಯಾಗುವುದು, ನಿದ್ದೆ ಬಾರದಿರುವುದು ಇದರ ಸಾಮಾನ್ಯ ಅಡ್ಡಪರಿಣಾಮಗಳು. ಔಷಧಿ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಫ್ಯಾಮಿಲಿ ಗ್ರೂಪ್ ಅಲ್ಲ.

ಶಿಬಿರ ನಡೆಸುವವರು, ಕೋಚ್‌ಗಳು ಏನು ಮಾಡಬಹುದು?

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೆಲ್ಹಾಮ್ 1980ರಲ್ಲೇ ಎಡಿಎಚ್‌ಡಿ ಇರುವ ಮಕ್ಕಳಿಗಾಗಿ ಬೇಸಿಗೆ ಶಿಬಿರದ ಮಾದರಿಯೊಂದನ್ನು ಶುರು ಮಾಡಿದರು. ಅಲ್ಲಿ ಆಟವೇ ಚಿಕಿತ್ಸೆಯ ಭಾಗ: ಆಟದ ನಿಯಮಗಳ ತರಬೇತಿ, ಒಳ್ಳೆಯ ನಡವಳಿಕೆಗೆ ಆಗಿಂದಾಗಲೇ ಪಾಯಿಂಟ್, ದಿನದ ಕೊನೆಗೆ ಮನೆಗೊಂದು ವರದಿ. ನಮ್ಮ ಶಿಬಿರಗಳು ಅಷ್ಟೆಲ್ಲ ಮಾಡಬೇಕಿಲ್ಲ. ಕೆಳಗಿನವಕ್ಕೆ ಹಣ ಬೇಡ, ವಿಶೇಷ ತರಬೇತಿಯೂ ಬೇಡ.

1. ಒಂದು ಸಲಕ್ಕೆ ಒಂದೇ ಸೂಚನೆ. ಹತ್ತಿರ ಹೋಗಿ, ಹೆಸರು ಕರೆದು, ಚಿಕ್ಕದಾಗಿ ಹೇಳಿ. “ಮೊದಲು ಚಪ್ಪಲಿ ಬಿಡು.” ಅದು ಮುಗಿದ ಮೇಲೆ “ಈಗ ಚಾಪೆ ತಗೋ.” ದಿನದ ಕಾರ್ಯಕ್ರಮವನ್ನು ಚಿತ್ರಗಳ ಸಮೇತ ಒಂದು ಚಾರ್ಟ್‌ನಲ್ಲಿ ಬರೆದು ಗೋಡೆಗೆ ಅಂಟಿಸಿ.

2. ಕಾಯುವ ಸಮಯ ಕಡಿಮೆ ಮಾಡಿ. 20 ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿ ಬ್ಯಾಟಿಂಗ್ ಮಾಡುವ ಬದಲು ನಾಲ್ಕು ಗುಂಪು ಮಾಡಿ: ಒಂದು ಬ್ಯಾಟಿಂಗ್, ಒಂದು ಬೌಲಿಂಗ್, ಒಂದು ಕ್ಯಾಚ್, ಒಂದು ಓಟ. ಸ್ಕೌಟ್ಸ್‌ನಲ್ಲಿ ಆರರಿಂದ ಎಂಟು ಮಕ್ಕಳ ಪೆಟ್ರೋಲ್ ಪದ್ಧತಿ ಮೊದಲಿಂದಲೂ ಇದೆ. ಚಿಕ್ಕ ಗುಂಪಿನಲ್ಲಿ ಪ್ರತಿ ಮಗುವಿಗೂ ಕೆಲಸ ಇರುತ್ತದೆ.

3. ಓಡಾಡುವ ಜವಾಬ್ದಾರಿ ಕೊಡಿ. ಹಾಳೆ ಹಂಚುವುದು, ಸ್ಕೋರ್ ಬೋರ್ಡ್ ಬದಲಿಸುವುದು, ತಾಲೀಮಿಗೆ ಬೇಕಾದ ಸಾಮಾನು ತರುವುದು. ಹೇಗೂ ಏಳುವ ಮಗುವಿಗೆ ಏಳಲು ಒಂದು ಕಾರಣ ಸಿಗುತ್ತದೆ.

4. ಸರಿ ಮಾಡಿದ್ದನ್ನು ತಕ್ಷಣ ಹೇಳಿ. “ಗುಡ್ ಬಾಯ್” ಎಂದರೆ ಸಾಲದು. “ಖೋ ಬೀಳೋವರೆಗೂ ಕಾದೆ ನೋಡು, ಅದು ಚೆನ್ನಾಗಿತ್ತು” ಎಂದು ಏನು ಸರಿಯಾಯಿತು ಎಂಬುದನ್ನು ಬಿಡಿಸಿ ಹೇಳಿ. ಉಳಿದವರಿಗೂ ಕೇಳುವಂತೆ ಹೇಳಿ.

5. ತಪ್ಪನ್ನು ಪಕ್ಕಕ್ಕೆ ಕರೆದು ತಿದ್ದಿ. ಮೈಕಿನಲ್ಲಿ ಹೆಸರು ಕೂಗುವುದು, ಬಿಸಿಲಿನಲ್ಲಿ ನಿಲ್ಲಿಸುವುದು, ಬಸ್ಕಿ ಹೊಡೆಸುವುದು ಬೇಡ. ಎಲ್ಲರ ಮುಂದೆ ಬೈದರೆ ಆ ಮಗುವಿಗೆ ಹೆಸರಿಡಲು ಉಳಿದವರಿಗೆ ನೀವೇ ಅನುಮತಿ ಕೊಟ್ಟಂತೆ.

6. ಆಟ ತಪ್ಪಿಸುವುದನ್ನು ಶಿಕ್ಷೆ ಮಾಡಬೇಡಿ. ಓಡಾಟ ಬೇಕಾಗಿರುವ ಮಗುವನ್ನೇ ಒಂದು ಗಂಟೆ ಕೂರಿಸಿದರೆ ಮುಂದಿನ ಗಂಟೆ ಇನ್ನೂ ಕಷ್ಟ. ಸಿಟ್ಟು ಏರಿದ್ದರೆ ಎರಡು ನಿಮಿಷ ನೀರು ಕುಡಿದು ಬರಲು ಕಳಿಸಿ, ಮತ್ತೆ ಆಟಕ್ಕೆ ಸೇರಿಸಿಕೊಳ್ಳಿ.

7. ಮೊದಲ ದಿನ ಜೊತೆಗಾರನನ್ನು ಕೊಡಿ. “ನಿಮಗೆ ಬೇಕಾದವರನ್ನು ಆರಿಸಿಕೊಳ್ಳಿ” ಎಂದು ತಂಡ ಮಾಡಿಸಿದರೆ ಕೊನೆಗೆ ಉಳಿಯುವುದು ಇದೇ ಮಗು. ತಂಡಗಳನ್ನು ನೀವೇ ಮಾಡಿ.

ಎಚ್ಚರ ಬೇಕಾದ ಜಾಗಗಳು

ಎಡಿಎಚ್‌ಡಿ ಇರುವ ಮಕ್ಕಳಿಗೆ ಆಕಸ್ಮಿಕ ಗಾಯಗಳ ಅಪಾಯ ಉಳಿದವರಿಗಿಂತ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕೆರೆ, ಹೊಳೆ, ಈಜುಕೊಳ, ರಸ್ತೆ ದಾಟುವುದು, ಚಾರಣದ ಕಡಿದಾದ ಜಾಗ, ಕ್ಯಾಂಪ್‌ಫೈರ್: ಇಲ್ಲೆಲ್ಲ “ಯಾರೂ ಮುಂದೆ ಹೋಗಬೇಡಿ” ಎಂಬ ಕೂಗು ಸಾಲದು. ಈ ಮಗುವಿನ ಕೈಗೆಟಕುವಷ್ಟು ಹತ್ತಿರ ಒಬ್ಬ ದೊಡ್ಡವರು ಇರಲೇಬೇಕು. ಅಂಥ ವ್ಯವಸ್ಥೆ ಆಗದಿದ್ದರೆ ಆ ದಿನ ನೀರಿಗಿಳಿಯುವ ಕಾರ್ಯಕ್ರಮವನ್ನೇ ಬಿಡಿ.

ಪೋಷಕರು ಏನು ಹೇಳಬೇಕು?

“ಹೇಳಿದರೆ ಸೇರಿಸಿಕೊಳ್ಳದಿದ್ದರೆ?” ಎಂಬ ಭಯ ಸಹಜ. ಆದರೆ ಹೇಳದಿದ್ದರೆ ಮಗು ಬೇಕಂತಲೇ ಹೀಗೆ ಮಾಡುತ್ತಿದೆ ಎಂದೇ ಅವರು ತಿಳಿಯುತ್ತಾರೆ. ಶಿಬಿರದ ವಾಟ್ಸಾಪ್ ಗ್ರೂಪ್‌ನಲ್ಲಿ ಹೇಳಬೇಡಿ. ಶಿಬಿರ ಶುರುವಾಗುವ ಮೊದಲೇ ಹೋಗಿ, ಮಗುವನ್ನು ನೋಡಿಕೊಳ್ಳುವವರ ಹತ್ತಿರವೇ ಹತ್ತು ನಿಮಿಷ ಮಾತಾಡಿ. ಹೀಗೆ ಹೇಳಬಹುದು:

“ಸರ್, ನಮ್ಮ ಮಗನಿಗೆ ಎಡಿಎಚ್‌ಡಿ ಇದೆ. ಕಾಯೋದು, ತುಂಬಾ ಹೊತ್ತು ಕೂರೋದು ಕಷ್ಟ. ಹೆಸರು ಕರೆದು ಒಂದೊಂದೇ ಹೇಳಿದ್ರೆ ಮಾಡ್ತಾನೆ. ಸಾಮಾನು ಜೋಡಿಸೋದು ಅಂದ್ರೆ ಅವನಿಗೆ ಇಷ್ಟ. ಸಿಟ್ಟು ಬಂದಾಗ ಸ್ವಲ್ಪ ಹೊತ್ತು ಒಬ್ಬನೇ ಬಿಟ್ರೆ ಸಮಾಧಾನ ಆಗ್ತಾನೆ. ನೀರಿನ ಹತ್ತಿರ ಮಾತ್ರ ಒಬ್ಬನನ್ನೇ ಬಿಡಬೇಡಿ. ಏನಾದ್ರೂ ಇದ್ರೆ ನಂಗೆ ಫೋನ್ ಮಾಡಿ.”

ಇಷ್ಟರಲ್ಲೇ ಕಷ್ಟ ಯಾವುದು, ಉಪಾಯ ಯಾವುದು, ಮಗುವಿನ ಶಕ್ತಿ ಯಾವುದು, ಅಪಾಯ ಯಾವುದು ಎಲ್ಲವೂ ಬಂತು.

ಮಗು ಔಷಧಿ ತೆಗೆದುಕೊಳ್ಳುತ್ತಿದ್ದರೆ ರಜೆ ಎಂದು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಮೀಥೈಲ್‌ಫೆನಿಡೇಟ್‌ನ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುತ್ತದೆ. ಹಾಗಾಗಿ ಬೆಳಿಗ್ಗೆ ಚೆನ್ನಾಗಿದ್ದ ಮಗು ಮಧ್ಯಾಹ್ನದ ಮೇಲೆ ಚಡಪಡಿಸಿದರೆ ಅದು ಹಠವಲ್ಲ ಎಂದು ಶಿಬಿರದವರಿಗೆ ತಿಳಿದಿರಲಿ. ಊಟದ ಹೊತ್ತಿಗೆ ಹಸಿವಿಲ್ಲದಿದ್ದರೆ ಬಲವಂತ ಬೇಡ, ಸಂಜೆಗೆ ಒಂದು ಡಬ್ಬಿ ಹೆಚ್ಚಿಗೆ ಕಳಿಸಿ.

ಪತ್ತೆಯೇ ಆಗಿಲ್ಲದಿದ್ದರೆ?

ಶಿಬಿರದ ಎರಡು ವಾರದಲ್ಲಿ ನೋಡಿ “ನಿಮ್ಮ ಮಗುವಿಗೆ ಎಡಿಎಚ್‌ಡಿ ಇದೆ” ಎಂದು ಹೇಳುವುದು ಕೋಚ್‌ನ ಕೆಲಸವಲ್ಲ. ನಿದ್ದೆಯ ಕೊರತೆ, ಕಿವಿ ಅಥವಾ ಕಣ್ಣಿನ ತೊಂದರೆ, ಆತಂಕ, ಮನೆಯ ಜಗಳ ಕೂಡ ಹೀಗೇ ಕಾಣಬಹುದು. ಕಂಡದ್ದನ್ನಷ್ಟೇ ಹೇಳಿ: “ಮೂರು ದಿನದಿಂದ ನೋಡ್ತಿದ್ದೀನಿ, ಕಥೆ ಕೇಳುವಾಗ ಐದು ನಿಮಿಷಕ್ಕೆ ಏಳ್ತಾನೆ. ಶಾಲೆಯಲ್ಲೂ ಹೀಗೇನಾ?”

ಶಾಲೆಯಲ್ಲೂ ಮನೆಯಲ್ಲೂ ಹೀಗೇ ಇದ್ದರೆ ಮಕ್ಕಳ ವೈದ್ಯರನ್ನು ಕಾಣಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ನಡೆಸುವ ಆರೋಗ್ಯ ತಪಾಸಣೆಯ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಫಾರ್ವರ್ಡ್ ಮಾಡುವ ಮೊದಲು

“ಶಿಬಿರಕ್ಕೆ ಹಾಕಿ, ಸರಿಹೋಗ್ತಾನೆ” ಎಂಬ ಸಂದೇಶ ಅರ್ಧ ಮಾತ್ರ ನಿಜ. ಓಟ, ಆಟ, ಹಾಡು, ನಾಟಕ ಈ ಮಕ್ಕಳಿಗೆ ಬೇಕೇ ಬೇಕು. ವ್ಯಾಯಾಮದಿಂದ ಗಮನಕ್ಕೆ ಸ್ವಲ್ಪ ಸಹಾಯವಾಗುತ್ತದೆ ಎಂಬುದಕ್ಕೂ ಆಧಾರವಿದೆ. ಆದರೆ ಅದು ಚಿಕಿತ್ಸೆಗೆ ಬದಲಿಯಲ್ಲ. ಶಿಬಿರಕ್ಕೆ ಹಾಕಿದ ಮಾತ್ರಕ್ಕೆ ಎಡಿಎಚ್‌ಡಿ ಹೋಗುವುದೂ ಇಲ್ಲ.

ಮುಂದಿನ ಸಲ ಆ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ ಜಗಳವಾಡಬೇಕಿಲ್ಲ. ಇಲ್ಲಿರುವ ಏಳು ಅಂಶಗಳನ್ನು ನಿಮ್ಮ ಬಡಾವಣೆಯ ಶಿಬಿರ ನಡೆಸುವವರಿಗೆ ಕಳಿಸಿ. ಅದೂ ಶಿಬಿರ ಶುರುವಾಗುವ ಹಿಂದಿನ ದಿನವೇ ಕಳಿಸಿ, ಮೂರನೆಯ ದಿನ ತಡವಾಗಿರುತ್ತದೆ.